ಇಂಜಿನ್ ನೋಡಲು ಹೋದವನು ಗೇರ್‌ಬಾಕ್ಸ್ ನೋಡಿ ಬಂದೆ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನನ್ನದೊಂದು ಬೇರಿಂಗ್ ಅಂಗಡಿ ಇದೆ. ಗಿರಣಿಯವರು, ಪಂಪ್‌ಸೆಟ್‌ನವರು, ಟ್ರ್ಯಾಕ್ಟರ್‌ನವರು ದಿನವಿಡೀ ಬರುತ್ತಾರೆ. ಬಹಳ ಮಂದಿಯದು ಒಂದೇ ಮಾತು. 'ಐದು ಎಚ್‌ಪಿ ಮೋಟಾರ್ ಐತ್ರಿ, ಏಳೂವರಿ ಹಾಕಿದ್ರ ಹೆಂಗ?' ನಾನು ತಿರುಗಿ ಕೇಳುತ್ತೇನೆ, 'ಕಪ್ಲಿಂಗ್ ಯಾವ್ದೈತ್ರಿ?' ಮೋಟಾರಿನ ಬಲವನ್ನು ಯಂತ್ರಕ್ಕೆ ದಾಟಿಸುವ ಆ ಜೋಡಣೆಯ ಬಗ್ಗೆ ಉತ್ತರ ಇರುವುದಿಲ್ಲ. ಇಪ್ಪತ್ತು ವರ್ಷ ಬೇರೆಯವರಿಗೆ ಕೇಳಿದ ಈ ಪ್ರಶ್ನೆ, ಸ್ವಂತಕ್ಕೆ ಕಾರು ಹುಡುಕುವಾಗ ನನಗೇ ಹೊಳೆಯಲಿಲ್ಲ.

ಆಸೆ ಹಳೆಯದು. ಟರ್ಬೊ ಪೆಟ್ರೋಲ್ ಇಂಜಿನ್ನಿನ, ಕಾಲಿಟ್ಟ ಕೂಡಲೇ ಓಡುವ ಗಾಡಿ ಒಂದು ಬೇಕು. ಹೊಸದಕ್ಕೆ ಕೈ ಮುಟ್ಟುವುದಿಲ್ಲ. ಹಳೆಯದರಲ್ಲಿ ಮನಸ್ಸು ನಿಂತದ್ದು ಸ್ಕೋಡಾ ಆಕ್ಟೇವಿಯಾ ಮೇಲೆ. ಅದರ ಆರ್‌ಎಸ್, ಅಂದರೆ ಜೋರಾಗಿ ಓಡುವ ಮಾದರಿ, 2017ರಲ್ಲಿ ನಮ್ಮ ದೇಶಕ್ಕೆ ಬಂದಾಗ ಶೋರೂಮ್ ಬೆಲೆಯೇ 25 ಲಕ್ಷದ ಹತ್ತಿರ ಇತ್ತು. ನೋಡಲು ಮನೆಮಂದಿಯ ಸೆಡಾನ್, ಒಳಗೆ ಓಟದ ಕುದುರೆ. ಅದಕ್ಕೇ ಇಷ್ಟ. ಎರಡೇ ಬಾಗಿಲಿನ ಗಾಡಿ ತಂದರೆ ಮನೆಯಲ್ಲಿ ನನ್ನನ್ನೂ ಹೊರಗೇ ನಿಲ್ಲಿಸುತ್ತಾರೆ.

ಒಂದೇ ವಾರದಲ್ಲಿ ಎರಡು ಗಾಡಿ ಕಣ್ಣಿಗೆ ಬಿದ್ದವು. ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಪ್ರೊಫೆಸರ್ ಒಬ್ಬರ 1.8 ಲೀಟರ್ ಇಂಜಿನ್ನಿನದು. ಬೆಳಗಾವಿಯ ಹುಡುಗನೊಬ್ಬನ 2.0 ಆರ್‌ಎಸ್. ಎರಡರ ನಡುವೆ ನಾಲ್ಕೂವರೆ ಲಕ್ಷದ ಅಂತರ. ಎರಡೂ ಕರ್ನಾಟಕದ ನಂಬರ್, ಹಾಗಾಗಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟುವ ತಾಪತ್ರಯ ಇಲ್ಲ. ಒಂದು ಭಾನುವಾರ ಎರಡನ್ನೂ ಓಡಿಸಿ ನೋಡುವುದು ಅಂತ ತೀರ್ಮಾನವಾಯಿತು.

ಹಿಂದಿನ ರಾತ್ರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಕಾಲಂ ಹಾಕಿ ಬರೆದೆ. 1.8 ಅಂದರೆ 1798 ಸಿಸಿ, 180 ಎಚ್‌ಪಿ, ಟಾರ್ಕ್, ಅಂದರೆ ತಿರುಗಿಸುವ ಬಲ, 250 ನ್ಯೂಟನ್ ಮೀಟರ್. 2.0 ಅಂದರೆ 1984 ಸಿಸಿ, 230 ಎಚ್‌ಪಿ, 350. ಇಂಜಿನ್ನುಗಳು ಒಂದೇ ಮನೆತನದವು. ಸಿಲಿಂಡರಿನ ಅಗಲ ಎರಡರಲ್ಲೂ 82.5 ಮಿಲಿಮೀಟರ್. ಪಿಸ್ಟನ್ ಓಡಾಟ ಮಾತ್ರ ಒಂದರಲ್ಲಿ 84.1, ಇನ್ನೊಂದರಲ್ಲಿ 92.8. ಸಿಸಿ ಲೆಕ್ಕದಲ್ಲಿ 186 ಜಾಸ್ತಿ, ಅಂದರೆ ಎರಡು ಸಣ್ಣ ಗ್ಲಾಸ್ ಚಹಾ. ಎರಡು ಗ್ಲಾಸ್ ಚಹಾಕ್ಕೆ ನೂರು ನ್ಯೂಟನ್ ಮೀಟರ್ ಹೆಂಗೆ ಬರುತ್ತದೆ? ಟರ್ಬೊ ಗಾಡಿಯಲ್ಲಿ ಸಿಸಿ ಪೂರ್ತಿ ಕಥೆ ಹೇಳುವುದಿಲ್ಲ. ಹೊಗೆಯ ರಭಸಕ್ಕೆ ತಿರುಗುವ ಆ ಸಣ್ಣ ಚಕ್ರ ಎಷ್ಟು ಗಾಳಿ ಒತ್ತಿ ತುಂಬುತ್ತದೆ ಅನ್ನುವುದರ ಮೇಲೆ ಉಳಿದದ್ದು. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಶಾಫ್ಟ್ ಅದು, ನಿಂತಿರುವುದು ಎಣ್ಣೆಯ ತೆಳು ಪದರದ ಮೇಲೆ. ನನ್ನ ಅಂಗಡಿಯ ಯಾವ ಬೇರಿಂಗಿಗೂ ಆ ಗತಿ ಬಂದಿಲ್ಲ.

ಇದೇ ಆಕ್ಟೇವಿಯಾದಲ್ಲಿ 1.4 ಟರ್ಬೊ ಕೂಡ ಇತ್ತು. 1395 ಸಿಸಿ, ಆದರೂ ಟಾರ್ಕ್ ಅದೇ 250! ಮೇಲಾಗಿ 1500 ಸಿಸಿ ಒಳಗೆ ಬರುವುದರಿಂದ ಥರ್ಡ್ ಪಾರ್ಟಿ ವಿಮೆ ಕಡಿಮೆ. 2022ರ ದರದಲ್ಲಿ 3,416 ರೂಪಾಯಿ. 1500 ದಾಟಿದರೆ 7,897. 1.8 ಆದರೂ ಅಷ್ಟೇ, 2.0 ಆದರೂ ಅಷ್ಟೇ. 'ದೊಡ್ಡ ಇಂಜಿನ್ನಿಗೆ ಇನ್ಶೂರೆನ್ಸ್ ಜಾಸ್ತಿ ಆಗತೈತಿ' ಅಂತ ಹೆದರಿಸಿದ ಭಾವನಿಗೆ ಇದನ್ನು ತೋರಿಸಿದೆ. ಅವನು ಮಾತು ಬದಲಿಸಿ ಪೆಟ್ರೋಲ್ ರೇಟಿಗೆ ಬಂದ.

ಬೆಳಿಗ್ಗೆ ನಮ್ಮ ಉಸ್ತಾದರನ್ನು ಕರೆದುಕೊಂಡು ಧಾರವಾಡಕ್ಕೆ ಹೋದೆ. ಉಸ್ತಾದ್ ಅಂದರೆ ಮೂವತ್ತು ವರ್ಷದಿಂದ ಗ್ಯಾರೇಜು ನಡೆಸಿದವರು, ನನ್ನಲ್ಲಿ ಬೇರಿಂಗ್ ಒಯ್ಯುತ್ತಾ ಗೆಳೆಯರಾದವರು. ಪ್ರೊಫೆಸರ್ ಗಾಡಿಯಲ್ಲಿ ಹುಡುಕಿದರೂ ಕೊಂಕಿಲ್ಲ. ಸರ್ವಿಸ್ ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಪಿನ್ ಹೊಡೆದು ಇಟ್ಟಿದ್ದರು. ಹೊರಡುವಾಗ ಅವರ ಮನೆಯವರು ಪೇಡೆ ಕೊಟ್ಟರು. ಇಂಥವರ ಹತ್ತಿರ ಬೆಲೆ ಕಡಿಮೆ ಮಾಡಿ ಅನ್ನಲು ನಾಲಿಗೆ ಏಳುವುದಿಲ್ಲ.

ಅದೇ ಗಾಡಿಯಲ್ಲಿ ಉಣಕಲ್ ತನಕ ಬಂದೆವು, ಪ್ರೊಫೆಸರ್ ಹಿಂದೆ ಕುಳಿತಿದ್ದರು. ನಡುವೆ ಚಿಗರಿ ಸಿಟಿ ಬಸ್ಸಿಗೇ ಮೀಸಲಾದ ಖಾಲಿ ದಾರಿ, ಪಕ್ಕದಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು. ರಸ್ತೆ ತೆರವಾದ ಕಡೆ ಕಾಲಿಟ್ಟರೆ 1.8 ಹಗುರವಾಗಿ ಹಾರುತ್ತಿತ್ತು. ನಿಮಿಷಕ್ಕೆ 1250 ಸುತ್ತಿಗೇ ಪೂರ್ತಿ ಟಾರ್ಕ್ ಬರುವ ಇಂಜಿನ್, ಎಲ್ಲಿಯೂ ದಮ್ಮು ಕಟ್ಟಲಿಲ್ಲ. ಇಷ್ಟು ಸಾಕಲ್ವಾ ಅನಿಸಿತು. ಉಸ್ತಾದ್ ಮಾತ್ರ ಇಂಜಿನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಪ್ರೊಫೆಸರ್ ಹಿಂತಿರುಗಿದ ಮೇಲೆ ಚಹಾದಂಗಡಿ ಮುಂದೆ ಕೇಳಿದರು.

'ಸಾವ್ಕಾರ್ರ, ನೀವು ದಿನಾ ಎಲ್ಲಿ ಓಡಸ್ತೀರಿ?'

'ಮನಿಯಿಂದ ಅಂಗಡಿ, ಅಂಗಡಿಯಿಂದ ಚೆನ್ನಮ್ಮ ಸರ್ಕಲ್, ದುರ್ಗದಬೈಲ್.'

'ಎರಡೂ ಕೈ ಒಣಾ ಇಟ್ಟು ಉಜ್ರಿ.'

ಉಜ್ಜಿದೆ.

'ಬಿಸಿ ಆತಿಲ್ಲ? ಈಗ ಎಣ್ಣಿ ಹಚ್ಚಿ ಉಜ್ಜಿದ್ರ?'

ಆಗ ತಲೆಯಲ್ಲಿ ದೀಪ ಹತ್ತಿತು. 1.8ರ ಏಳು ಗೇರಿನ ಡಿಎಸ್‌ಜಿಯಲ್ಲಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ, ಇರುವುದು ಒಣ ಕ್ಲಚ್. ಆರ್‌ಎಸ್‌ನ ಆರು ಗೇರಿನದರಲ್ಲಿ ಕ್ಲಚ್ ಎಣ್ಣೆಯೊಳಗೆ ಮುಳುಗಿರುತ್ತದೆ. ಹೈವೇಯಲ್ಲಿ ಎರಡೂ ಒಂದೇ. ಇಂಚಿಂಚು ತೆವಳುವ ಟ್ರಾಫಿಕ್ಕಿನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಡುತ್ತಾ ಇರಬೇಕು. ಒಣ ಕ್ಲಚ್ ಬೇಗ ಬಿಸಿಯಾಗುವುದು ಆಗಲೇ. ಮೇಲ್ಸೇತುವೆ ಕೆಲಸ ಶುರುವಾದ ಮೇಲೆ ಚೆನ್ನಮ್ಮ ಸರ್ಕಲ್ ಸುತ್ತ ನಾವು ತೆವಳಿದ್ದು ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತೂ ಇತ್ತು. 1.8 ಇಂಜಿನ್ನಿಗೆ 250 ಅನ್ನುವುದು ಅದರ ಶಕ್ತಿಯ ಮಿತಿ ಅಲ್ಲ. ಇದೇ ಇಂಜಿನ್ ಸುಪರ್ಬ್ ಗಾಡಿಯಲ್ಲಿ ಮ್ಯಾನುವಲ್ ಗೇರ್‌ಬಾಕ್ಸ್ ಜೊತೆ 320 ಕೊಡುತ್ತಿತ್ತು. ಅದೇ ಸುಪರ್ಬ್‌ನ ಆಟೊಮ್ಯಾಟಿಕ್ಕಿಗೆ ಬಂದರೆ ಮತ್ತೆ 250. ಒಣ ಕ್ಲಚ್ಚಿನ ಆ ಏಳು ಗೇರಿನ ಪೆಟ್ಟಿಗೆ ತಾಳುವುದೇ ಅಷ್ಟು. ಇಂಜಿನ್ ಕೈ ಕಟ್ಟಿ ಹಾಕಿದ್ದು ಗೇರ್‌ಬಾಕ್ಸ್. ಕಪ್ಲಿಂಗ್ ಯಾವುದೈತಿ ಅಂತ ಊರಿಗೆಲ್ಲ ಕೇಳುವವನು ನಾನು! ಚಹಾ ಆರಿ ಹೋಗಿತ್ತು.

ಹನ್ನೊಂದಕ್ಕೆ ಬೆಳಗಾವಿಯ ಹುಡುಗ ಗಬ್ಬೂರ ಕ್ರಾಸಿಗೆ ಆರ್‌ಎಸ್ ತಂದ. ಕೆಂಪು ಬಣ್ಣ. ಕೀಲಿ ಕೊಡುವಾಗ ಅವನ ಮುಖದಲ್ಲಿ ಹೆಣ್ಣು ಒಪ್ಪಿಸಿಕೊಡುವವರ ಕಳೆ ಇತ್ತು. ಹಾವೇರಿ ಕಡೆ ಹೈವೇ ಹಿಡಿದು, ವರೂರಿನ ನವಗ್ರಹ ತೀರ್ಥದ ತನಕ ಹೋಗಿ ತಿರುಗಿದೆವು. ನೂರು ದಾಟಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮುಂದೆ ಹತ್ತಿಕಾಳು ತುಂಬಿದ ಲಾರಿ, ಅದರ ಮುಂದೆ ಇನ್ನೊಂದು. ಪಕ್ಕದ ಲೇನಿಗೆ ಬಂದು ಕಾಲಿಟ್ಟೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಬೆನ್ನು ಸೀಟಿಗೆ ಅಂಟಿತು. ಎರಡು ಲಾರಿಯೂ ಕನ್ನಡಿಯಲ್ಲಿ ಬೆಂಕಿಪೊಟ್ಟಣ. ನಿಂತಲ್ಲಿಂದ ನೂರಕ್ಕೆ 6.8 ಸೆಕೆಂಡು ಅಂತ ಕಂಪನಿ ಹೇಳುತ್ತದೆ. ನಾನು ಗಡಿಯಾರ ನೋಡಲಿಲ್ಲ, ಉಸ್ತಾದರ ಕೈ ನೋಡಿದೆ. ಬಾಗಿಲ ಮೇಲಿನ ಹಿಡಿಕೆ ಹಿಡಿದಿತ್ತು.

ಬರುವಾಗ ಬೇಕಂತಲೇ ಊರೊಳಗೆ ಹೊಕ್ಕೆ. ಹಳೇ ಬಸ್ ನಿಲ್ದಾಣದ ಮುಂದೆ ಆಟೊ, ಕೈಗಾಡಿ, ಜನ, ಧೂಳು. ಬ್ರೇಕಿನಿಂದ ಕಾಲು ಎತ್ತಿದರೆ ಗಾಡಿ ಸುಮ್ನೆ ಜಾರುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಜೋರಾಗಿ ಓಡಿಸಿದ್ದಕ್ಕಿಂತ ಈ ತೆವಳಾಟವೇ ನನಗೆ ಹಿಡಿಸಿತು. ವಯಸ್ಸಾಯಿತು ಅಂತ ಕಾಣುತ್ತದೆ.

ಬೆಲೆ ಮಾತಾಡುವ ಮೊದಲು ಉಸ್ತಾದ್ ಡ್ಯಾಶ್‌ಬೋರ್ಡಿನ ಖಾನೆ ತೆಗೆದು ಕಾಗದ ನೋಡತೊಡಗಿದರು. ಗಾಡಿಯ ಕೈಪಿಡಿ ಕೆಳಗೆ ನಾಲ್ಕು ಮಡಿಕೆಯ ಒಂದು ಬಿಲ್ಲು. ಬೆಂಗಳೂರಿನದು, ಶಾಯಿ ಮಾಸಿತ್ತು. 'ಸ್ಟೇಜ್ 1 ರೀಮ್ಯಾಪ್' ಅಂತಿತ್ತು. ಅಂದರೆ ಇಂಜಿನ್ನಿನ ಕಂಪ್ಯೂಟರ್ ತಿದ್ದಿ ಟರ್ಬೊದಿಂದ ಜಾಸ್ತಿ ಗಾಳಿ ಹೊಡೆಸಿದ್ದಾರೆ. ನನ್ನ ಬೆನ್ನು ಸೀಟಿಗೆ ಅಂಟಿದ್ದು 230ಕ್ಕೆ ಅಲ್ಲ, ಅದಕ್ಕೂ ಮೇಲಿನದಕ್ಕೆ.

'ಇದೇನಪಾ ತಮ್ಮಾ?'

ಹುಡುಗ ಬೆವೆತ. 'ಮೊದಲಿನ ಮಾಲಕರು ಮಾಡ್ಸಿದ್ದ್ರಿ ಅಂಕಲ್. ನಾ ಹೇಳಾಂವನ ಇದ್ದೆ.'

ಹೇಳುವವನಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ಎಣ್ಣೆಯ ಕ್ಲಚ್ ಆದರೂ ಅದಕ್ಕೂ ಒಂದು ಮಿತಿ ಇರುತ್ತದೆ. ಯಾವ ಗೇರ್‌ಬಾಕ್ಸ್ ನೋಡಿ ನಾಲ್ಕೂವರೆ ಲಕ್ಷ ಜಾಸ್ತಿ ಕೊಡಲು ಹೊರಟಿದ್ದೆನೋ, ಅದರ ಮೇಲೇ ಹೊರೆ ಹೇರಿ ಓಡಿಸಿದ್ದರು. ನಾನು ಕೀಲಿ ವಾಪಸ್ ಕೊಟ್ಟೆ. ಉಸ್ತಾದ್ ಕೀಲಿಯನ್ನು ಅವನ ಕೈಯಿಂದ ಮತ್ತೆ ತೆಗೆದುಕೊಂಡರು. 'ಎಣ್ಣಿ ಇಳಿಸಿ ನೋಡೂಣು. ಅದು ಸುಳ್ಳ ಹೇಳಂಗಿಲ್ಲ.'

ಅವರ ಗ್ಯಾರೇಜಿನಲ್ಲಿ ಗಾಡಿ ಎತ್ತಿ ಮೊದಲು ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪು ಬಿಚ್ಚಿದರು. ಒಳಗೆ ಬೆರಳು ಹಾಕಿದೆ, ತೆಳ್ಳಗೆ ಜಿಡ್ಡು ಅಷ್ಟೇ. ಎಣ್ಣೆ ನಿಂತಿದ್ದರೆ ಟರ್ಬೊ ಶಾಫ್ಟಿನ ಸೀಲ್ ಹೋಗಿದೆ ಅಂತ ಅನುಮಾನ ಪಡಬೇಕು. ಆಮೇಲೆ ಗೇರ್‌ಬಾಕ್ಸಿನ ಎಣ್ಣೆ. 60 ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದದ್ದು, ಗಾಡಿ ಓಡಿದ್ದು 58 ಸಾವಿರ. ಕಪ್ಪಗೆ ಧಾರೆಯಾಗಿ ತಟ್ಟೆಗೆ ಬಿತ್ತು, ಸುಟ್ಟ ವಾಸನೆ ಇರಲಿಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡಿದೆ. ಲೋಹದ ಚೂರು ಇದ್ದರೆ ಮರಳಿನ ಹಾಗೆ ಚುಚ್ಚುತ್ತದೆ, ಅದು ನನ್ನ ಕಸುಬಿನ ಬೆರಳಿಗೆ ಗೊತ್ತು. ನುಣ್ಣಗಿತ್ತು. ಇನ್ನೊಂದು ಸಲ ತಿಕ್ಕಿದೆ. ಹುಡುಗ ನನ್ನ ಬೆರಳನ್ನೇ ನೋಡುತ್ತಿದ್ದ.

ಅವನ ಖರ್ಚಿನಲ್ಲಿ ಮೂಲ ಮ್ಯಾಪ್ ವಾಪಸ್ ಹಾಕಿಸುವುದು, ಹೊಸ ಎಣ್ಣೆಯ ದುಡ್ಡೂ ಅವನದೇ, ಮೇಲೆ 70 ಸಾವಿರ ಕಡಿಮೆ. ಹೀಗೆ ವ್ಯಾಪಾರ ಮುಗಿಯಿತು. ಸಪ್ತಾಪುರಕ್ಕೆ ಫೋನ್ ಮಾಡಿ ಬೇಡ ಅನ್ನುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಪೇಡೆ ತಿಂದಿದ್ದೆವಲ್ಲ.

ಮೂಲ ಮ್ಯಾಪಿಗೆ ಬಂದ ಮೇಲೆ ಗಾಡಿ ಸ್ವಲ್ಪ ಸಪ್ಪೆಯಾಯಿತು. ಹೆಂಡತಿಗೆ ವ್ಯತ್ಯಾಸ ತಿಳಿಯಲಿಲ್ಲ, ನನಗೆ ತಿಳಿಯುತ್ತದೆ. ಊರೊಳಗೆ ಲೀಟರಿಗೆ ಎಂಟು ಕೊಡುತ್ತದೆ. ಅದು ಆಕೆಗೆ ಚೆನ್ನಾಗಿ ತಿಳಿಯುತ್ತದೆ.

ವಾರದ ಮೇಲೆ ಅಪ್ಪನನ್ನು ಕೂರಿಸಲು ಬಾಗಿಲು ತೆಗೆದೆ. ಕೋಲೂರಿಕೊಂಡು ನಿಂತು ಸೀಟನ್ನೇ ನೋಡಿದರು.

'ತಮ್ಮಾ, ಇದಕ್ಕ ಹತ್ತಬೇಕೋ, ಇಳೀಬೇಕೋ?'

ನಮ್ಮ ಓಣಿಯ ಕೊನೆಗೆ ಜನರೇ ಹಾಕಿಕೊಂಡ ಹಂಪ್ ಒಂದಿದೆ, ಎಮ್ಮೆ ಮಲಗಿದ ಹಾಗೆ. ಓರೆ ಮಾಡಿ, ಒಂದೊಂದೇ ಗಾಲಿ ಹತ್ತಿಸಿದೆ. ಆದರೂ ಹೊಟ್ಟೆ ಉಜ್ಜಿ ಕರ್‌ರ್ ಅಂತ ಸದ್ದಾಯಿತು. ಅಪ್ಪ ಏನೂ ಅನ್ನಲಿಲ್ಲ. ಕಿಟಕಿ ಗಾಜು ಇಳಿಸಿ, ಹಂಪ್ ಹಾಕಿಸಿದ ಎದುರು ಮನೆಯವರ ಕಡೆ ಒಮ್ಮೆ ದುರುಗುಟ್ಟಿ ನೋಡಿದರು.