ಮೂಡಿಗೆರೆಯಿಂದ ಮಲ್ಪೆಗೆ: ದೋಣಿಯಲ್ಲಿ ಗಾಳ ಹಾಕಲು ಹೊರಡುವ ಮುಂಚೆ

ಮೂಡಿಗೆರೆ ಕಡೆ ಫೆಬ್ರವರಿ ಕೊನೆಗೆ ಸ್ವಲ್ಪ ಬಿಡುವು ಸಿಗುತ್ತದೆ. ರೊಬಸ್ಟಾ ಕಾಫಿ ಕುಯ್ಲು ಮುಗಿದಿರುತ್ತದೆ, ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಕಾಯುತ್ತಿರುತ್ತೇವೆ. ಆ ಬಿಡುವಲ್ಲಿ ನಾನು, ನನ್ನ ಭಾವ ಮತ್ತು ಸಕಲೇಶಪುರದ ಒಬ್ಬ ಗೆಳೆಯ ಮಲ್ಪೆಗೆ ಹೋಗಿ, ಕಡಲಲ್ಲಿ ದೋಣಿ ಮೇಲೆ ಕೂತು ಗಾಳ ಹಾಕಿ ಬಂದೆವು. ಇದು ಎರಡನೇ ಸಲ. ಮೊದಲನೇ ಸಲ ಹೋಗಿದ್ದು ಅದರ ಹಿಂದಿನ ಅಕ್ಟೋಬರ್‌ನಲ್ಲಿ. ಆಗ ತಪ್ಪು ಸಾಮಾನು ಹೊತ್ತುಕೊಂಡು ಹೋಗಿ ಇಡೀ ದಿನ ಕಳೆದುಕೊಂಡೆವು. ಈಗ ನಮ್ಮೂರಿನ ಹುಡುಗರು ಒಬ್ಬೊಬ್ಬರಾಗಿ ಬಂದು "ಯಾವ ರಾಡ್ ತಗೊಳ್ಳಲಿ" ಅಂತ ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮಲೆನಾಡಿನವರಿಗೆ ಗಾಳ ಹೊಸದೇನಲ್ಲ. ಬಿದಿರು ಕೋಲು, ತಂಗೂಸು, ಬೆಂಡು, ಎರೆಹುಳ ಇಷ್ಟಿದ್ದರೆ ಸಂಜೆ ಕಳೆಯುತ್ತಿತ್ತು. ಶೃಂಗೇರಿಯಲ್ಲೂ ರಾಮನಾಥಪುರದಲ್ಲೂ ದೇವರ ಮೀನುಗಳಿಗೆ ಮಂಡಕ್ಕಿ ಎಸೆದು ಬೆಳೆದವರು ನಾವು. ಆದರೆ ಹೊಳೆ ಕಲಿಸಿದ್ದು ಕಡಲಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಅಲ್ಲಿ ಆಳ ಜಾಸ್ತಿ, ಸೆಳೆತ ಜಾಸ್ತಿ, ಮೀನಿನ ಹಲ್ಲು ಬೇರೆ. ಉಪ್ಪಂತೂ ಯಾವುದನ್ನೂ ಬಿಡುವುದಿಲ್ಲ.

ಅಕ್ಟೋಬರ್‌ನಲ್ಲಿ ನನ್ನ ಬಳಿ ಇದ್ದದ್ದು ಒಂಬತ್ತು ಅಡಿ ರಾಡ್, ದಾರ ಸುತ್ತುವ 3000 ಸೈಜಿನ ರೀಲ್ (ಸಂಖ್ಯೆ ದೊಡ್ಡದಾದಷ್ಟು ರೀಲ್ ದೊಡ್ಡದು), 12 ಪೌಂಡ್ ಎಳೆತ ತಡೆಯುವ ನೈಲಾನ್ ದಾರ. "ಸಮುದ್ರಕ್ಕೂ ಇದೇ ಸಾಕು" ಅಂತ ಅಂಗಡಿಯಲ್ಲಿ ಹೇಳಿದ್ದನ್ನು ನಂಬಿದ್ದೆ. ಗಾಳಕ್ಕೆ 40 ಗ್ರಾಂ ಸೀಸದ ಗುಂಡು ಕಟ್ಟಿದ್ದೆ. ಸೆಳೆತಕ್ಕೆ ದಾರ ಅಡ್ಡಡ್ಡ ಹೋಯಿತೇ ಹೊರತು ಗುಂಡು ನೆಲ ಮುಟ್ಟಲೇ ಇಲ್ಲ. ಪಕ್ಕದಲ್ಲಿ ದೋಣಿಯವರು ಮರದ ತುಂಡಿಗೆ ಸುತ್ತಿದ ದಪ್ಪ ತಂಗೂಸು ಬಿಟ್ಟು, ದೊಡ್ಡ ಗುಂಡು ಕಟ್ಟಿ, ಬರೀ ಕೈಯಲ್ಲೇ ಒಂದರ ಹಿಂದೆ ಒಂದು ಮೀನು ಎತ್ತುತ್ತಿದ್ದರು. ಎಷ್ಟು ಮಾರು ದಾರ ಹೋಯಿತು ಅಂತ ಬಾಯಲ್ಲೇ ಎಣಿಸುತ್ತಿದ್ದರು. ಒಂದು ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಹೆಚ್ಚುಕಡಿಮೆ ಆರು ಅಡಿ. ನನಗೆ ಸಿಕ್ಕಿದ್ದ ಒಂದೇ ಒಂದು ಚೂಪು ಹಲ್ಲಿನ ಅಂಜಲ್ ಮೀನು ದಾರವನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಡಿದುಕೊಂಡು ಹೋಯಿತು. ಆಮೇಲೆ ಕಚ್ಚಿದ ಇನ್ನೊಂದು ಮೀನು ದೋಣಿಯ ಅಡಿಗೆ ನುಗ್ಗಿತು. ನಾನು ಗಾಬರಿಯಲ್ಲಿ ರಾಡನ್ನು ನೆಟ್ಟಗೆ ಮೇಲಕ್ಕೆ ಎತ್ತಿದೆ. ತುದಿಯಿಂದ ಒಂದೂವರೆ ಅಡಿ ಟಪ್ ಅಂತ ಮುರಿಯಿತು.

ಮನೆಗೆ ಬಂದ ಮೇಲೆ ಯೋಚಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ನಾವೆಲ್ಲ ಮೊದಲು ರಾಡ್ ನೋಡುತ್ತೇವೆ, ಆಮೇಲೆ ರೀಲ್, ಕೊನೆಗೆ ಉಳಿದ ದುಡ್ಡಲ್ಲಿ ಯಾವುದೋ ದಾರ. ಇದನ್ನು ಪೂರ್ತಿ ತಿರುಗಿಸಬೇಕು. ಯಾವ ಮೀನು, ಎಷ್ಟು ಆಳ ಅಂತ ದೋಣಿಯವರನ್ನು ಫೋನಲ್ಲೇ ಕೇಳಿ. ಅದಕ್ಕೆ ತಕ್ಕ ದಾರ ಗೊತ್ತುಮಾಡಿ. ಆ ದಾರ 250ರಿಂದ 300 ಮೀಟರ್ ಹಿಡಿಸುವ ರೀಲ್ ಹುಡುಕಿ. ರಾಡ್ ಕೊನೆಗೆ. ರಾಡ್ ಮೇಲೆ ಎಷ್ಟು ಪೌಂಡ್ ದಾರಕ್ಕೆ ಅಂತ ಬರೆದೇ ಇರುತ್ತದೆ. ನಿಮ್ಮ ದಾರ ಅದರೊಳಗೆ ಬಂದರೆ ಸಾಕು.

ದಾರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಮುಖ್ಯವಾಗಿ ಮೂರು ಬಗೆ. ಒಂದು ನೈಲಾನ್, ಅಂದರೆ ನಮ್ಮ ತಂಗೂಸು. ಇದು ಎಳೆದರೆ ಹಿಗ್ಗುತ್ತದೆ, ಕಾಲುಭಾಗದಷ್ಟು ಹಿಗ್ಗುವುದೂ ಉಂಟು. ಮೀನು ಜೋರಾಗಿ ಜಗ್ಗಿದಾಗ ಆ ಹಿಗ್ಗೇ ಪೆಟ್ಟನ್ನು ತಡೆದುಕೊಳ್ಳುತ್ತದೆ. ಆದರೆ ಆಳದಲ್ಲಿ ಅದೇ ಹಿಗ್ಗು ತೊಂದರೆ. 30 ಮೀಟರ್ ಕೆಳಗೆ ಮೀನು ಮೆಲ್ಲಗೆ ಕಚ್ಚಿದರೆ ಕೈಗೆ ಗೊತ್ತೇ ಆಗುವುದಿಲ್ಲ. ನೈಲಾನ್ ನೀರು ಕುಡಿದರೆ ಬಲ ಸ್ವಲ್ಪ ಇಳಿಯುತ್ತದೆ, ಬಿಸಿಲಿಗೂ ಸವೆಯುತ್ತದೆ. ಹೋದ ವರ್ಷದ ದಾರ ಹಾಗೇ ಇದೆ ಅಂತ ಅದನ್ನೇ ಒಯ್ಯಬೇಡಿ.

ಎರಡನೆಯದು ಬ್ರೇಡ್, ಹೆಣೆದ ದಾರ. ಹಿಗ್ಗು ಇಲ್ಲವೇ ಇಲ್ಲ ಅನ್ನಬಹುದು. ಅಷ್ಟೇ ಬಲಕ್ಕೆ ನೈಲಾನ್‌ಗಿಂತ ತುಂಬಾ ತೆಳು. ತೆಳು ಆದ್ದರಿಂದ ಸೆಳೆತ ಅದನ್ನು ಕಡಿಮೆ ತಳ್ಳುತ್ತದೆ, ಸಣ್ಣ ಗುಂಡಿಗೂ ನೆಲ ಸಿಗುತ್ತದೆ, ಚಿಕ್ಕ ರೀಲಿಗೂ ಜಾಸ್ತಿ ದಾರ ಹಿಡಿಸುತ್ತದೆ. ಪ್ಯಾಕೆಟ್ ಮೇಲೆ ಪಿ.ಇ. 1, ಪಿ.ಇ. 2 ಅಂತ ಇರುತ್ತದೆ. ಅದು ದಪ್ಪದ ಲೆಕ್ಕ, ಬಲದ್ದಲ್ಲ. ಅಷ್ಟೇ ದಪ್ಪದ ದಾರಕ್ಕೆ ಒಂದೊಂದು ಕಂಪನಿ ಒಂದೊಂದು ಬಲ ಹೇಳುತ್ತದೆ. ಪೌಂಡ್ ಎಷ್ಟು ಅಂತ ಓದಿಯೇ ತಗೊಳ್ಳಿ. ಸ್ಪೂಲಿಗೆ, ಅಂದರೆ ರೀಲಿನಲ್ಲಿ ದಾರ ಸುತ್ತುವ ಉರುಳೆಗೆ, ಮೊದಲು ಹತ್ತು ಮೀಟರ್ ನೈಲಾನ್ ಸುತ್ತಿ ಅದರ ಮೇಲೆ ಬ್ರೇಡ್ ಸುತ್ತಬೇಕು. ಇಲ್ಲದಿದ್ದರೆ ಎಳೆತಕ್ಕೆ ಅಷ್ಟೂ ದಾರ ಸ್ಪೂಲ್ ಮೇಲೆ ಜಾರಿ ಗರಗರ ತಿರುಗುತ್ತದೆ. ಸುತ್ತುವಾಗ ಒಬ್ಬರು ಒದ್ದೆ ಬಟ್ಟೆಯಲ್ಲಿ ಬಿಗಿ ಹಿಡಿಯಬೇಕು. ಸಡಿಲ ಸುತ್ತಿದರೆ ಮೇಲಿನ ದಾರ ಒಳಗೆ ಹೂತು ಸಿಕ್ಕಾಗುತ್ತದೆ. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಉಳಿಸಿ ನಿಲ್ಲಿಸಿ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಬ್ರೇಡನ್ನು ಯಾವತ್ತೂ ಕೈಗೆ ಸುತ್ತಿ ಎಳೆಯಬೇಡಿ. ಚರ್ಮ ಸೀಳಿಬಿಡುತ್ತದೆ. ಗಾಳ ಬಂಡೆಗೆ ಸಿಕ್ಕಿದರೆ ಒಂದು ಮರದ ತುಂಡಿಗೆ ಸುತ್ತಿ ಎಳೆಯಿರಿ. ತೋಟದ ಕೆಲಸದ ಕೈಗವಸು ಇದ್ದರೆ ಅದನ್ನೂ ಚೀಲಕ್ಕೆ ಹಾಕಿ.

ಮೂರನೆಯದು ಫ್ಲೋರೋಕಾರ್ಬನ್. ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ, ಬಂಡೆಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ. ದುಬಾರಿ. ಅದಕ್ಕೇ ಇದನ್ನು ಪೂರ್ತಿ ಸುತ್ತುವುದಿಲ್ಲ. ಬ್ರೇಡಿನ ತುದಿಗೆ ಎರಡು ಮೀಟರ್ ಲೀಡರ್ ಆಗಿ, ಅಂದರೆ ಮುಖ್ಯ ದಾರಕ್ಕೂ ಗಾಳಕ್ಕೂ ನಡುವಿನ ತುಂಡಾಗಿ ಕಟ್ಟುತ್ತೇವೆ. ಮುರು ಮೀನು ಕಚ್ಚಿದ ಕೂಡಲೇ ಬಂಡೆ ಸಂದಿಗೆ ನುಗ್ಗುತ್ತದೆ, ಅದಕ್ಕೆ 60 ಪೌಂಡ್ ಲೀಡರ್ ಹಾಕಿದರೆ ಧೈರ್ಯ. ಅಂಜಲಿಗೆ ಇದೂ ಸಾಲದು. ಗಾಳದ ಹತ್ತಿರ ಒಂದು ಗೇಣು ಉಕ್ಕಿನ ತಂತಿ ಬೇಕೇ ಬೇಕು.

ಬ್ರೇಡಿಗೂ ಲೀಡರಿಗೂ ಸೇರಿಸುವ ಗಂಟನ್ನು ಮನೆಯಲ್ಲೇ ಕಲಿಯಿರಿ. ಬಲ್ಲವರು ಎಫ್‌ಜಿ ಗಂಟು ಹಾಕುತ್ತಾರೆ. ಅದು ಸಣ್ಣದು, ರಾಡಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ಸಿಕ್ಕದೆ ಜಾರಿಹೋಗುತ್ತದೆ. ಆದರೆ ಅಲುಗಾಡುವ ದೋಣಿಯಲ್ಲಿ ಕಷ್ಟ. ಡಬಲ್ ಯುನಿ ಗಂಟು ಸುಲಭ, ನಾನು ಅದನ್ನೇ ಹಾಕುವುದು. ಯಾವ ಗಂಟೇ ಆಗಲಿ, ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೇ ದಾರ ಸೋಲುತ್ತದೆ.

ಈಗ ರೀಲ್. ಮೊದಲ ಸಲ ಹೋಗುವವರಿಗೆ ರಾಡಿನ ಕೆಳಗೆ ನೇತಾಡುವ ಸ್ಪಿನ್ನಿಂಗ್ ರೀಲೇ ಒಳ್ಳೆಯದು, 5000 ಅಥವಾ 6000 ಸೈಜ್. ಶಿಮಾನೋ, ಡೈವಾ, ಪೆನ್, ಒಕುಮಾ ಯಾವುದೇ ಇರಲಿ, ಉಪ್ಪುನೀರಿಗೆ ಮಾಡಿದ್ದು ಅಂತ ಖಾತ್ರಿ ಮಾಡಿಕೊಳ್ಳಿ. ರಾಡಿನ ಮೇಲೆ ಕೂರುವ ಡ್ರಮ್ ರೀಲ್ ಎಳೆಯಲು ಗಟ್ಟಿ, ನೆಟ್ಟಗೆ ಕೆಳಗೆ ಬಿಡಲು ಮತ್ತು ಟ್ರೋಲಿಂಗಿಗೆ (ಓಡುವ ದೋಣಿಯ ಹಿಂದೆ ಗಾಳ ಎಳೆಸುವುದಕ್ಕೆ) ಅದೇ ಸರಿ. ಆದರೆ ಬಿಡುವಾಗ ಹೆಬ್ಬೆರಳಿಂದ ತಡೆಯುವ ಅಭ್ಯಾಸ ಬೇಕು, ಇಲ್ಲದಿದ್ದರೆ ದಾರ ಗೂಡು ಕಟ್ಟುತ್ತದೆ. ನಮ್ಮಲ್ಲಿ ಭಾವ ಮಾತ್ರ ಅದನ್ನು ಬಳಸಿದರು.

ರೀಲಿನಲ್ಲಿ ಎಲ್ಲಕ್ಕಿಂತ ಮುಖ್ಯ ಡ್ರ್ಯಾಗ್. ಮೀನು ಎಷ್ಟು ಬಲದಲ್ಲಿ ಎಳೆದರೆ ದಾರ ಬಿಟ್ಟುಕೊಡಬೇಕು ಅಂತ ನಿರ್ಧರಿಸುವ ತಿರುಪು ಅದು. ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗಕ್ಕೆ ಅದನ್ನು ಹೊಂದಿಸಬೇಕು. 30 ಪೌಂಡ್ ಅಂದರೆ 13.6 ಕೆ.ಜಿ. ಅಂದಮೇಲೆ ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ಇದನ್ನು ಕೈಯಲ್ಲಿ ಅಂದಾಜು ಮಾಡಲು ಆಗುವುದಿಲ್ಲ. ನಾವು ಮಾಡಿದ್ದು ಹೀಗೆ: ಕುಯ್ಲಿನಲ್ಲಿ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಕಣದ ಕಂಬಕ್ಕೆ ಕಟ್ಟಿದೆವು. ಅದರ ಕೊಕ್ಕೆಗೆ ದಾರದ ತುದಿ ಸಿಕ್ಕಿಸಿ, ರಾಡನ್ನು ಬಾಗಿಸಿ ಹಿಂದಕ್ಕೆ ನಡೆದೆವು. ಮುಳ್ಳು ನಾಲ್ಕಕ್ಕೆ ಬಂದಾಗ ರೀಲ್ ದಾರ ಬಿಡಬೇಕು. ಹಾಗಾಗುವವರೆಗೆ ತಿರುಪು ತಿರುಗಿಸಿದೆವು. ತೋಟದ ತಕ್ಕಡಿ ದೊಡ್ಡದಾಗಿ ನಾಲ್ಕೈದು ಕೆ.ಜಿ. ಸರಿಯಾಗಿ ತೋರಿಸದಿದ್ದರೆ ಲಗೇಜು ತೂಗುವ ಸಣ್ಣ ತಕ್ಕಡಿ ಸಾಕು.

ಇನ್ನೊಂದು ಗುಟ್ಟಿದೆ. ಮೀನು ಓಡಿ ದಾರ ಖಾಲಿಯಾಗುತ್ತಾ ಬಂದ ಹಾಗೆ ಸ್ಪೂಲಿನ ಸುತ್ತಳತೆ ಸಣ್ಣದಾಗುತ್ತದೆ. ಆಗ ತಿರುಪು ಮುಟ್ಟದಿದ್ದರೂ ಡ್ರ್ಯಾಗ್ ತಾನೇ ಬಿಗಿಯಾಗುತ್ತದೆ. ಸುತ್ತಳತೆ ಅರ್ಧಕ್ಕೆ ಇಳಿದರೆ ಬಿಗಿ ಎರಡರಷ್ಟು. ಆ ಹೊತ್ತಿಗೆ ಗಾಬರಿಯಿಂದ ಇನ್ನೂ ಬಿಗಿ ಮಾಡಿದರೆ ದಾರ ಹೋಯಿತು ಅಂತಲೇ ಲೆಕ್ಕ. ಸ್ವಲ್ಪ ಸಡಿಲ ಮಾಡಬೇಕು.

ರಾಡ್ ಬಗ್ಗೆ ಹೇಳುವುದು ಕಡಿಮೆ. ದಡದಿಂದ ದೂರ ಎಸೆಯಲು ಉದ್ದ ಬೇಕು. ದೋಣಿಯಲ್ಲಿ ಮೀನು ಕಾಲ ಕೆಳಗೇ ಇರುತ್ತದಲ್ವಾ? ಆರೂವರೆಯಿಂದ ಏಳು ಅಡಿ ಧಾರಾಳ. 15ರಿಂದ 30 ಪೌಂಡ್ ದಾರಕ್ಕೆ, 150 ಗ್ರಾಂ ವರೆಗೆ ತೂಕಕ್ಕೆ ಅಂತ ಬರೆದದ್ದು ಒಂದಿದ್ದರೆ ನಮ್ಮ ಕರಾವಳಿಯ ಹೆಚ್ಚಿನ ಕೆಲಸ ನಡೆಯುತ್ತದೆ. ಕಾರ್ಬನ್ ಹಗುರ, ಸಣ್ಣ ಕಚ್ಚೂ ಕೈಗೆ ತಿಳಿಯುತ್ತದೆ, ಆದರೆ ದೋಣಿಯ ಅಂಚಿಗೆ ತಾಗಿದರೆ ಬಿರುಕು ಬಿಡುತ್ತದೆ. ಫೈಬರ್‌ಗ್ಲಾಸ್ ಭಾರ, ಆದರೆ ಒರಟು ಬಳಕೆ ತಡೆಯುತ್ತದೆ. ಎರಡನ್ನೂ ಬೆರೆಸಿ ಮಾಡಿದ್ದು ನನಗೆ ಹಿಡಿಸಿತು. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಏಪ್ರಿಲ್, ಮೇ ಗುಡುಗಿನ ಕಾಲದಲ್ಲಿ ಮೋಡ ಕಂಡ ತಕ್ಷಣ ರಾಡ್ ಮಲಗಿಸಿ. ನನ್ನ ಹಳೆಯ ರಾಡ್ ಮುರಿದದ್ದು ನೆಟ್ಟಗೆ ಎತ್ತಿದ್ದಕ್ಕೆ. ಹಾಗೆ ಎತ್ತಿದಾಗ ಭಾರವೆಲ್ಲ ತೆಳು ತುದಿಗೇ ಬೀಳುತ್ತದೆ. ಮೀನು ದೋಣಿಯಡಿ ಹೋದರೆ ರಾಡನ್ನು ನೀರಿನ ಕಡೆ ಬಗ್ಗಿಸಿ, ದೋಣಿಯ ತುದಿಗೆ ನಡೆದು ಹೋಗಿ.

ರಾಡ್ ಸಾಗಿಸುವ ಚಿಂತೆಯೂ ಇತ್ತು. ತೋಟದಲ್ಲಿ ಸ್ಪ್ರಿಂಕ್ಲರಿಗೆ ತಂದು ಉಳಿದ ಪಿವಿಸಿ ಪೈಪ್ ತುಂಡಿಗೆ ಎರಡೂ ಕಡೆ ಮುಚ್ಚಳ ಹಾಕಿ, ಒಳಗೆ ಹಳೇ ಬಟ್ಟೆ ತುರುಕಿ, ಎರಡು ತುಂಡಿನ ರಾಡ್‌ಗಳನ್ನು ಅದರಲ್ಲಿಟ್ಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದು, ಉಜಿರೆ, ಗುರುವಾಯನಕೆರೆ, ಬಜಗೋಳಿ, ಕಾರ್ಕಳ ದಾಟಿ ಉಡುಪಿ. ನಿಲ್ಲುತ್ತಾ ಹೋದರೆ ನಾಲ್ಕೈದು ಗಂಟೆ. ಹಾಸನ, ಸಕಲೇಶಪುರದವರಿಗೆ ಶಿರಾಡಿ ಹತ್ತಿರ. ಬೆಳಗಿನ ಜಾವ ಘಾಟಿ ಇಳಿದು ನೇರ ದೋಣಿ ಹತ್ತುವ ಯೋಚನೆ ಮಾತ್ರ ಬೇಡ. ಘಾಟಿಯ ತಿರುವಿಗೆ ಅಲೆಯೂ ಸೇರಿದರೆ ಹೊಟ್ಟೆ ತಡೆಯುವುದಿಲ್ಲ. ಹಿಂದಿನ ರಾತ್ರಿಯೇ ಹೋಗಿ ಮಲಗಿ. ವಾಂತಿ ಮಾತ್ರೆ ಬೇಕಾದರೆ ಊರಲ್ಲೇ ಡಾಕ್ಟರನ್ನು ಕೇಳಿ ತಂದುಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮರಿ ಮಾಡುವ ಕಾಲ ಅದು, ಕಡಲೂ ಒರಟು. ಅಕ್ಟೋಬರ್ ನಡುವಿನಿಂದ ಮಾರ್ಚ್‌ವರೆಗೆ ಒಳ್ಳೆಯದು. ನಮಗೆ ನವೆಂಬರ್‌ನಿಂದ ಕುಯ್ಲು, ಹಾಗಾಗಿ ಫೆಬ್ರವರಿ ಕೊನೆಯೇ ಸರಿ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಮುನ್ಸೂಚನೆ, ಹವಾಮಾನ ಇಲಾಖೆಯ ಎಚ್ಚರಿಕೆ ಎರಡನ್ನೂ ನೋಡಿ. ದೋಣಿಗೆ ಜನ ಕರೆದೊಯ್ಯುವ ಅನುಮತಿ ಇದೆಯಾ, ತಲೆಗೊಂದು ಲೈಫ್ ಜಾಕೆಟ್ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಇಲ್ಲ ಅಂದರೆ ಬೇರೆ ದೋಣಿ ನೋಡಿ.

ಫೆಬ್ರವರಿಯಲ್ಲಿ ನಾವು ನಸುಕಿಗೇ ಬಂದರು ಬಿಟ್ಟೆವು. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಶಾಂತ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಅಲೆ ಏಳುತ್ತದೆ. ಅಷ್ಟರೊಳಗೆ ವಾಪಸಾಗಬೇಕು ಅಂತ ಮೊದಲೇ ಮಾತಾಡಿದ್ದೆವು. ಸೇಂಟ್ ಮೇರೀಸ್ ದ್ವೀಪ ಎಡಕ್ಕೆ ಮಸುಕಾಗಿ ಕಂಡಿತು. ಭಾವ 30 ಪೌಂಡ್ ನೈಲಾನ್ ಸುತ್ತಿದ ಡ್ರಮ್ ರೀಲಲ್ಲಿ ಮೀನಿನ ಆಕಾರದ ಗಾಳವನ್ನು ದೋಣಿ ಹಿಂದೆ ಎಳೆಸಿದರು. ಟ್ರೋಲಿಂಗಿಗೆ ಬ್ರೇಡಿಗಿಂತ ನೈಲಾನ್ ವಾಸಿ. ಓಡುವ ದೋಣಿಗೆ ಮೀನು ಎದುರಾಗಿ ಹೊಡೆದಾಗ ಹಿಗ್ಗು ಇಲ್ಲದಿದ್ದರೆ ಬಾಯಿ ಹರಿದು ಗಾಳ ಕಳಚುತ್ತದೆ. ಅರ್ಧ ಗಂಟೆಯಲ್ಲೇ ರೀಲ್ ಕಿರ್ರ್ ಎಂದಿತು. ಅಂಜಲ್. ತಂತಿ ಇತ್ತು, ತಕ್ಕಡಿಯಲ್ಲಿ ಹೊಂದಿಸಿದ ಡ್ರ್ಯಾಗ್ ಇತ್ತು. ಭಾವ ತಿರುಪಿಗೆ ಕೈ ಹಚ್ಚಲಿಲ್ಲ. ಮೀನು ಎರಡು ಸಲ ಓಡಿ ಸುಸ್ತಾಗಿ ಬಂತು.

ಆಮೇಲೆ ಬಂಡೆಗಳಿರುವ ಕಡೆ ದೋಣಿ ನಿಲ್ಲಿಸಿದರು. ನಾನು 120 ಗ್ರಾಂ ಗುಂಡು ಬಿಟ್ಟೆ. ತಟಕ್ ಅಂತ ನೆಲ ಮುಟ್ಟಿದ್ದು ಬ್ರೇಡಿನಲ್ಲಿ ಬೆರಳಿಗೇ ತಿಳಿಯಿತು. ಆ ಕ್ಷಣಕ್ಕೇ ಕಾದಿದ್ದೆ. ನೆಲದಿಂದ ಒಂದು ಮಾರು ಮೇಲೆತ್ತಿ ಹಿಡಿದೆ. ಎರಡು ಮುರು ಬಂದವು, ಅದರಲ್ಲಿ ಒಂದು ಅಂಗೈ ಅಗಲವೂ ಇರಲಿಲ್ಲ, ಅದನ್ನು ವಾಪಸ್ ಬಿಟ್ಟೆ. ಗೆಳೆಯನಿಗೆ ಸಾಲುಗಾಳದಲ್ಲಿ ಬಂಗುಡೆ ಸಿಕ್ಕಿದ್ದೇ ಸಿಕ್ಕಿದ್ದು. ಆಮೆ, ಕಡಲಕುದುರೆ, ತಿಮಿಂಗಿಲ ಶಾರ್ಕ್ ಇಂಥವಕ್ಕೆ ಕಾನೂನಿನ ರಕ್ಷಣೆ ಇದೆ. ಅಕಸ್ಮಾತ್ ಸಿಕ್ಕರೆ ಫೋಟೋಗೆ ಹಿಡಿದುಕೊಂಡು ನಿಲ್ಲದೆ ದಾರ ಕತ್ತರಿಸಿ ಬಿಟ್ಟುಬಿಡಿ.

ಹನ್ನೊಂದೂವರೆಗೆ ದಡದಲ್ಲಿದ್ದೆವು. ಊಟಕ್ಕೂ ಮುಂಚೆ ರೀಲ್‌ಗಳ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಹುಯ್ದು ತೊಳೆದೆವು. ಜೋರಾಗಿ ಪೈಪ್ ಬಿಟ್ಟರೆ ಉಪ್ಪು ಒಳಗೇ ಹೋಗುತ್ತದೆ. ಒರೆಸಿ ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಬೇಕು, ಇಲ್ಲದಿದ್ದರೆ ಒಳಗಿನ ಬಿಲ್ಲೆಗಳು ಅಂಟಿಕೊಳ್ಳುತ್ತವೆ. ರಾಡಿನ ಬಳೆಗಳ ಸುತ್ತ ಹತ್ತಿಯಲ್ಲಿ ಒರೆಸಿ ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಆ ಬಳೆ ಬದಲಾಯಿಸದೆ ಮತ್ತೆ ಹೋಗಬೇಡಿ. ನನ್ನದರಲ್ಲಿ ತುದಿಯಿಂದ ಮೂರನೇ ಬಳೆಯಲ್ಲಿ ಎಳೆ ಸಿಕ್ಕಿದೆ. ಅಕ್ಟೋಬರ್ ಬರುವುದರೊಳಗೆ ಹೊಸದು ಕಟ್ಟಿಸಬೇಕು.