ಸಾಲಕ್ಕೆ ಹೆದರುವ ದೇಶ, ಸೋರುವ ಶಾಲೆ

ನನ್ನ ಮಗಳು ಬೆಳಿಗ್ಗೆ ಏಳೂವರೆಗೆ ಶಾಲೆಗೆ ಹೊರಟರೆ ಮಧ್ಯಾಹ್ನ ಮನೆಗೆ ಬರುವವರೆಗೆ ಒಂದು ಗುಟುಕು ನೀರು ಕುಡಿಯುವುದಿಲ್ಲ. ಬಾಟಲಿ ತುಂಬಿಕೊಂಡೇ ಹೋಗುತ್ತದೆ, ತುಂಬಿಕೊಂಡೇ ವಾಪಸ್ ಬರುತ್ತದೆ. ಮೊದಮೊದಲು ನಾನು ಗದರುತ್ತಿದ್ದೆ. ಆಮೇಲೆ ಒಂದು ದಿನ ಅವಳೇ ಬಾಯಿಬಿಟ್ಟಳು. ನೀರು ಕುಡಿದರೆ ಶಾಲೆಯ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಎರಡು ಬಾಗಿಲಿಗೆ ಚಿಲಕವಿಲ್ಲ. ಮೂರನೆಯದಕ್ಕೆ 'ಕೆಟ್ಟಿದೆ' ಅಂತ ಒಂದು ಕಾಗದ ಅಂಟಿಸಿದ್ದಾರೆ. ಅವಳು ಒಂದನೇ ತರಗತಿಗೆ ಸೇರಿದಾಗಲೂ ಆ ಕಾಗದ ಇತ್ತು. ಈಗ ಮೂರನೇ ತರಗತಿ.

ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದರೆ ಅವರು ನಂಬಲೇ ಇಲ್ಲ. "ಜರ್ಮನಿಯಲ್ಲಾ?" ಅಂದರು. ಹೌದು ಅಮ್ಮ, ಜರ್ಮನಿಯಲ್ಲೇ. ಅದೂ ಸ್ಟುಟ್‌ಗಾರ್ಟ್‌ನಲ್ಲಿ, ಮರ್ಸಿಡಿಸ್, ಪೋರ್ಷೆ, ಬಾಷ್ ಕಂಪನಿಗಳ ಕೇಂದ್ರ ಕಚೇರಿಗಳಿರುವ ಸೀಮೆಯಲ್ಲಿ. ಇಷ್ಟು ಹಣವಿರುವ ಊರಿನಲ್ಲಿ ಒಂದು ಚಿಲಕ ಹಾಕಿಸಲು ಯಾಕೆ ಆಗುವುದಿಲ್ಲ ಅನ್ನುವ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದ ಹಾಗೆ ಅದು ಚಿಲಕದಿಂದ ಶುರುವಾಗಿ ಈ ದೇಶದ ಸಂವಿಧಾನದವರೆಗೂ ಹೋಯಿತು.

ಇಲ್ಲಿ ಶಿಕ್ಷಕರ ಸಂಬಳ ಕೊಡುವುದು ರಾಜ್ಯ ಸರ್ಕಾರ. ಶಾಲೆಯ ಕಟ್ಟಡ, ಛಾವಣಿ, ನಲ್ಲಿ, ಚಿಲಕ ಎಲ್ಲವೂ ನಗರಸಭೆಯ ಲೆಕ್ಕ. ನಗರಸಭೆಗೆ ಬರುವ ಹಣದಲ್ಲಿ ದೊಡ್ಡ ಪಾಲು ಊರಿನ ಕಂಪನಿಗಳು ಲಾಭದ ಮೇಲೆ ಕಟ್ಟುವ ತೆರಿಗೆಯಿಂದ ಬರುತ್ತದೆ. ಕಾರು ಕಂಪನಿಗಳಿಗೆ ಒಳ್ಳೆಯ ವರ್ಷವಾದರೆ ಊರಿಗೂ ಒಳ್ಳೆಯ ವರ್ಷ. ಈಗ ಆ ಕಂಪನಿಗಳೂ, ಅವಕ್ಕೆ ಬಿಡಿಭಾಗ ಮಾಡಿಕೊಡುವವರೂ ಸಾವಿರಗಟ್ಟಲೆ ಕೆಲಸ ಕಡಿತ ಮಾಡುವುದಾಗಿ ಹೇಳಿದ್ದಾರೆ. ಖಜಾನೆಗೆ ಬರುವ ಹಣ ಕಡಿಮೆಯಾದಾಗ ಮೊದಲು ಮುಂದಕ್ಕೆ ಹೋಗುವುದು ರಿಪೇರಿ. ಯಾಕೆಂದರೆ ರಿಪೇರಿ ಮುಂದಕ್ಕೆ ಹಾಕಿದರೆ ಅವತ್ತೇ ಯಾರೂ ಬೀದಿಗಿಳಿಯುವುದಿಲ್ಲ. ಹೀಗೆ ಮುಂದಕ್ಕೆ ಹಾಕಿದ ಕೆಲಸಗಳನ್ನೆಲ್ಲ ಕೂಡಿಸಿ, ಸರ್ಕಾರದ್ದೇ ಆದ ಕೆಎಫ್‌ಡಬ್ಲ್ಯೂ ಬ್ಯಾಂಕ್ ಪ್ರತಿವರ್ಷ ಒಂದು ಲೆಕ್ಕ ಕೊಡುತ್ತದೆ. 2025ರ ವರದಿಯ ಪ್ರಕಾರ ಇಡೀ ದೇಶದ ಊರು, ನಗರ, ಜಿಲ್ಲೆಗಳಲ್ಲಿ ಬಾಕಿ ಉಳಿದ ಕೆಲಸದ ಮೊತ್ತ 21,500 ಕೋಟಿ ಯೂರೋ ದಾಟಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಶಾಲಾ ಕಟ್ಟಡಗಳದ್ದು.

ಹಾಗಾದರೆ ಸಾಲ ಮಾಡಿ ರಿಪೇರಿ ಮಾಡಿಸಬಹುದಲ್ವಾ? ಅಲ್ಲೇ ಇರುವುದು ತೊಡಕು. 2009ರಲ್ಲಿ ಜರ್ಮನಿ ತನ್ನ ಸಂವಿಧಾನದಲ್ಲೇ ಒಂದು ನಿಯಮ ಬರೆದುಕೊಂಡಿತು. ಹೆಸರು 'ಶುಲ್ಡನ್‌ಬ್ರೆಮ್ಸೆ', ಅಂದರೆ ಸಾಲಕ್ಕೊಂದು ಬ್ರೇಕ್. ಸಾಮಾನ್ಯ ಕಾಲದಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ ಜಿಡಿಪಿಯ ಶೇ 0.35ಕ್ಕಿಂತ ಜಾಸ್ತಿ ಹೊಸ ಸಾಲ ಮಾಡುವ ಹಾಗಿಲ್ಲ. ರಾಜ್ಯಗಳಿಗೆ 2020ರಿಂದ ಅಷ್ಟು ಸಾಲಕ್ಕೂ ಅವಕಾಶ ಇರಲಿಲ್ಲ. ಕೊರೊನಾ ಬಂದಾಗ, ಆಮೇಲೆ ಯುಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಏರಿದಾಗ, ಈ ಬ್ರೇಕನ್ನು ತಾತ್ಕಾಲಿಕವಾಗಿ ಸಡಿಲಿಸಿದರು. ಆದರೆ ಕೊರೊನಾಗೆಂದು ಎತ್ತಿಟ್ಟಿದ್ದ 6,000 ಕೋಟಿ ಯೂರೋ ಸಾಲದ ಮಿತಿಯನ್ನು ಬೇರೆ ಕೆಲಸಕ್ಕೆ ಬಳಸಲು ಹೋದಾಗ, 2023ರ ನವೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಬೇಡ ಅಂದಿತು. ಮುಂದಿನ ವರ್ಷ ಇದೇ ಸಾಲದ ಜಗಳಕ್ಕೆ ಸರ್ಕಾರವೇ ಬಿತ್ತು. 2024ರ ನವೆಂಬರ್ 6ರ ರಾತ್ರಿ ಆಗಿನ ಚಾನ್ಸಲರ್, ಅಂದರೆ ಇಲ್ಲಿನ ಪ್ರಧಾನಿ, ಓಲಾಫ್ ಶೋಲ್ಜ್ ಮೈತ್ರಿ ಪಕ್ಷದವರಾದ ತಮ್ಮ ಹಣಕಾಸು ಮಂತ್ರಿ ಕ್ರಿಸ್ಟಿಯಾನ್ ಲಿಂಡ್ನರ್ ಅವರನ್ನು ಕೈಬಿಟ್ಟರು. ನಾನು ಅವತ್ತು ಟಿವಿ ಮುಂದೆ ಕೂತು ಯೋಚಿಸಿದ್ದು ಇಷ್ಟೇ: ಸಾಲ ಮಾಡಬೇಕೋ ಬೇಡವೋ ಅನ್ನುವ ಒಂದು ಪ್ರಶ್ನೆಗೆ ಸರ್ಕಾರ ಬೀಳುವಷ್ಟು ಸಾಲ ಈ ಜನರ ಮನಸ್ಸಿಗೆ ದೊಡ್ಡ ವಿಷಯ.

ಇದು ಯಾಕೆ ಹೀಗೆ ಅಂತ ನನಗೆ ಅರ್ಥ ಮಾಡಿಸಿದ್ದು ನಮ್ಮ ಪಕ್ಕದ ಮನೆಯ ಅಜ್ಜಿ.

ನಾವಿರುವ ಶ್ವಾಬಿಯಾ ಸೀಮೆಯಲ್ಲಿ 'ಕೇರ್‌ವೋಖೆ' ಅನ್ನುವ ಪದ್ಧತಿ ಇದೆ. ಗುಡಿಸುವ ವಾರ. ಒಂದು ಕಟ್ಟಡದಲ್ಲಿರುವ ಮನೆಯವರು ಸರದಿಯ ಮೇಲೆ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಈ ವಾರ ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಫಲಕ ನೇತಾಡುತ್ತಿರುತ್ತದೆ. ಶನಿವಾರ ನಾನು ಮೆಟ್ಟಿಲು ಒರೆಸುವಾಗ ಅಜ್ಜಿ ಬಾಗಿಲು ತೆರೆದು ನಿಲ್ಲುತ್ತಾರೆ. ಎಂಬತ್ತು ದಾಟಿದ ವಯಸ್ಸು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಜರ್ಮನ್ ಅರ್ಧ ಕಲಿತದ್ದು ಆ ಮೆಟ್ಟಿಲ ಮೇಲೆಯೇ.

ಅಜ್ಜಿ ಜೀವನದಲ್ಲಿ ಕಂತಿನ ಮೇಲೆ ಒಂದು ವಸ್ತು ಕೊಂಡಿಲ್ಲ. ಹಣ ಸೇರಿದ ಮೇಲೆಯೇ ವಾಷಿಂಗ್ ಮಷೀನ್. ಅಲ್ಲಿಯವರೆಗೆ ಕೈಯಲ್ಲೇ ಒಗೆದರಂತೆ. ಬೇಕರಿಯಿಂದ ತಂದ ಕಾಗದದ ಚೀಲವನ್ನೂ ಮಡಿಚಿ ಇಟ್ಟುಕೊಳ್ಳುತ್ತಾರೆ. ಅವರ ತಾಯಿ 1923ರ ಹಣದುಬ್ಬರ ಕಂಡವರು. ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇಲ್ಲ, ಕೂಡಿಟ್ಟ ಹಣಕ್ಕೆ ಕಾಗದದ ಬೆಲೆಯೂ ಇಲ್ಲ. ಆ ಭಯ ತಾಯಿಯಿಂದ ಮಗಳಿಗೆ ಬಂತು. 2008ರಲ್ಲಿ ಜಗತ್ತಿನ ಬ್ಯಾಂಕುಗಳು ಕುಸಿದಾಗ ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಇದೇ ಸ್ಟುಟ್‌ಗಾರ್ಟ್‌ನಲ್ಲಿ ಭಾಷಣ ಮಾಡುತ್ತಾ, ಒಬ್ಬ ಶ್ವಾಬಿಯಾದ ಗೃಹಿಣಿಯನ್ನು ಕೇಳಿದ್ದರೆ ಸಾಕಿತ್ತು, ಆದಾಯ ಮೀರಿ ಬಹುಕಾಲ ಬದುಕಲಾಗದು ಅಂತ ಅವಳು ಹೇಳುತ್ತಿದ್ದಳು ಅನ್ನುವ ಅರ್ಥದ ಮಾತು ಆಡಿದ್ದರು. ಅಜ್ಜಿಗೆ ಆ ಮಾತು ಇನ್ನೂ ನೆನಪಿದೆ, ತಮ್ಮ ಬಗ್ಗೆಯೇ ಹೇಳಿದ ಹಾಗೆ. ನಾನು ನಮ್ಮ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನುವ ಗಾದೆಯನ್ನು ಜರ್ಮನ್‌ನಲ್ಲಿ ಹೇಳಿದೆ. ಅವರಿಗೆ ಎಷ್ಟು ಇಷ್ಟವಾಯಿತೆಂದರೆ ಬರೆದುಕೊಂಡರು.

ಒಂದು ಶನಿವಾರ ಅವರೇ ಹೇಳಿದ್ದು: ಜರ್ಮನ್‌ನಲ್ಲಿ 'ಶುಲ್ಡ್' ಅಂದರೆ ತಪ್ಪು, ಅಪರಾಧ. ಅದಕ್ಕೇ ಬಹುವಚನ ಹಚ್ಚಿದರೆ 'ಶುಲ್ಡನ್', ಸಾಲ. ಎರಡೂ ಒಂದೇ ಬೇರಿನ ಮಾತು. ಸಾಲ ಮಾಡಿದವನು ಏನೋ ತಪ್ಪು ಮಾಡಿದವನ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಎರಡು ಮಾತಿದೆ ಅಂದೆ. ಬ್ಯಾಂಕಿಗೆ ಕೊಡಬೇಕಾದದ್ದು ಸಾಲ. ಹೆತ್ತವರಿಗೆ, ಅನ್ನ ಕೊಟ್ಟವರಿಗೆ, ಇರುವ ನೆಲಕ್ಕೆ ಕೊಡಬೇಕಾದದ್ದು ಋಣ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಎರಡನೆಯದಕ್ಕೆ ನಮ್ಮಲ್ಲಿ ಪದವಿಲ್ಲ ಅಂದರು.

ನನ್ನ ಅಭಿಪ್ರಾಯ ಈ ಎರಡು ಪದಗಳ ಮಧ್ಯೆ ಇದೆ. ಸಾಲ ಮಾಡಿ ತುಪ್ಪ ತಿನ್ನಬಾರದು, ಒಪ್ಪಿದೆ. ಆದರೆ ಸೂರು ಸೋರುವಾಗ ಹೆಂಚು ಹಾಕಿಸದೆ ಇಟ್ಟುಕೊಂಡ ಹಣ ಉಳಿತಾಯ ಹೇಗಾಗುತ್ತದೆ? ಗೋಡೆ ನೆನೆಯುತ್ತದೆ, ತೊಲೆ ಕೊಳೆಯುತ್ತದೆ, ಖರ್ಚು ಬೆಳೆಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಸಾಲ ಕಾಣುವುದಿಲ್ಲ ಅಷ್ಟೇ. ಅದನ್ನು ತೀರಿಸುವವಳು ಈಗ ಬಾಯಾರಿಕೊಂಡು ಗಣಿತದ ಪಾಠ ಕೇಳುತ್ತಿದ್ದಾಳೆ.

ಸೇತುವೆಗಳ ಕಥೆಯೂ ನೆನಪಾಗುತ್ತದೆ. ಲ್ಯೂಡೆನ್‌ಶೈಡ್ ಊರಿನ ಹತ್ತಿರ ಎ45 ಹೆದ್ದಾರಿಯ ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಅಪಾಯವೆಂದು ಮುಚ್ಚಿದರು, 2023ರ ಮೇನಲ್ಲಿ ಸ್ಫೋಟಿಸಿ ಕೆಡವಿದರು. ಹೆದ್ದಾರಿಯ ಲಾರಿಗಳೆಲ್ಲ ವರ್ಷಗಟ್ಟಲೆ ಊರೊಳಗೆ ನುಗ್ಗಿದವು. ಡ್ರೆಸ್ಡನ್‌ನ ಕರೋಲಾ ಸೇತುವೆಯ ಒಂದು ಭಾಗ 2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಎಲ್ಬೆ ನದಿಗೆ ಕುಸಿದು ಬಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಅದರ ಮೇಲೆ ಟ್ರಾಮ್ ಹೋಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಾಂಕ್ರೀಟಿನೊಳಗಿನ ಉಕ್ಕಿನ ತಂತಿಗಳು ತುಕ್ಕಿನಿಂದ ಬಿರುಕುಬಿಟ್ಟಿದ್ದೇ ಕಾರಣ ಅಂತ ತಜ್ಞರು ಹೇಳಿದರು. ಹಣದ ಕೊರತೆಯಿಂದಲೇ ಬಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಅವತ್ತು ಬೆಳಿಗ್ಗೆ ಕಚೇರಿಯಲ್ಲಿ ಯಾರೂ ಕೆಲಸ ಶುರು ಮಾಡಲಿಲ್ಲ. ನಮ್ಮ ದೇಶದಲ್ಲೂ ಸೇತುವೆ ಬೀಳುತ್ತದಾ ಅನ್ನುವ ಮುಖ ಎಲ್ಲರದ್ದೂ.

2025ರ ಮಾರ್ಚ್‌ನಲ್ಲಿ ಕೊನೆಗೂ ಸಂವಿಧಾನ ತಿದ್ದಿದರು. ರಸ್ತೆ, ರೈಲು, ಶಾಲೆ, ಆಸ್ಪತ್ರೆಯಂಥ ಕೆಲಸಗಳಿಗೆ ಹನ್ನೆರಡು ವರ್ಷಕ್ಕೆ 50,000 ಕೋಟಿ ಯೂರೋ ನಿಧಿ, ಸಾಲದ ಬ್ರೇಕಿನ ಹೊರಗೆ. ಅದರಲ್ಲಿ 10,000 ಕೋಟಿ ರಾಜ್ಯಗಳಿಗೂ ಊರುಗಳಿಗೂ. ರಕ್ಷಣಾ ವೆಚ್ಚಕ್ಕೂ ಬ್ರೇಕ್ ಸಡಿಲಿಸಿದರು. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಅಜ್ಜಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. "ಇದನ್ನೆಲ್ಲ ಯಾರು ತೀರಿಸುತ್ತಾರೆ?" ಅಂತ ಕೇಳಿದರು. ನಾನು ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಬಡ್ಡಿ ಕಟ್ಟಲೇಬೇಕು. ಹೊಸ ನಿಧಿ ಇದೆಯೆಂದು ಹಳೆಯ ಬಜೆಟ್‌ನಿಂದ ರಿಪೇರಿಯ ಹಣ ತೆಗೆದು ಬೇರೆ ಕಡೆ ಹಾಕಿದರೆ ಸಾಲ ಮಾತ್ರ ಉಳಿಯುತ್ತದೆ, ಶಾಲೆ ಹಾಗೇ ಇರುತ್ತದೆ. ಅನೇಕ ಅರ್ಥಶಾಸ್ತ್ರಜ್ಞರು ಇದೇ ಎಚ್ಚರಿಕೆ ಕೊಟ್ಟಿದ್ದಾರೆ. ಹಣ ಇದ್ದ ಮಾತ್ರಕ್ಕೆ ಕೆಲಸ ಬೇಗ ಆಗುತ್ತದೆ ಅಂತಲೂ ಇಲ್ಲ. ನಮ್ಮೂರಿನ ಹೊಸ ರೈಲು ನಿಲ್ದಾಣದ ಯೋಜನೆ, ಸ್ಟುಟ್‌ಗಾರ್ಟ್ 21, 2010ರಲ್ಲಿ ಶುರುವಾಯಿತು. 2019ಕ್ಕೆ ಮುಗಿಯುತ್ತದೆ ಅಂದಿದ್ದರು. 450 ಕೋಟಿ ಯೂರೋ ಅಂದುಕೊಂಡಿದ್ದ ಖರ್ಚು 1,100 ಕೋಟಿ ದಾಟಿತು. ನಾನು ಇಲ್ಲಿಗೆ ಬಂದಾಗಿನಿಂದ ನಿಲ್ದಾಣದಲ್ಲಿ ಬೇಲಿಗಳ ನಡುವೆಯೇ ಓಡಾಡುತ್ತಿದ್ದೇನೆ.

ಸರ್ಕಾರ ಒಳ್ಳೆಯದು ಮಾಡಿದ್ದನ್ನೂ ಹೇಳಬೇಕು. 2022ರಲ್ಲಿ ಬೆಲೆಗಳು ಸರಾಸರಿ ಶೇ 6.9ರಷ್ಟು ಏರಿದವು. ಆ ಬೇಸಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 9 ಯೂರೋ ಟಿಕೆಟ್ ತಂದರು. ದೇಶದ ಯಾವ ಊರಿನ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲು ಬೇಕಾದರೂ ಹತ್ತಬಹುದು. ಅಜ್ಜಿ ನಮ್ಮ ಜೊತೆ ಬೋಡನ್‌ಸೇ ಸರೋವರಕ್ಕೆ ಬಂದರು. ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಒಬ್ಬ ಹುಡುಗ ಎದ್ದು ಅವರಿಗೆ ಸೀಟು ಕೊಟ್ಟ. ದಡದ ಮೇಲೆ ಕಾಲು ನೀರಿಗೆ ಇಳಿಬಿಟ್ಟು ಕೂತು, ಹದಿನಾಲ್ಕು ವರ್ಷದ ನಂತರ ಇಲ್ಲಿಗೆ ಬಂದೆ ಅಂದರು. ಟಿಕೆಟ್ ಖರ್ಚಿಗೆ ಹೆದರಿಯೇ ಬಂದಿರಲಿಲ್ಲ. ಪಿಂಚಣಿಯಲ್ಲಿ ಬಾಡಿಗೆ, ಹೀಟರ್ ಖರ್ಚು ಕಳೆದರೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ಅವರು ಬಾಯಿಬಿಟ್ಟು ಹೇಳುವವರಲ್ಲ. ಅವತ್ತು ನನಗೆ ಗೊತ್ತಾಯಿತು. ಅದೇ ಟಿಕೆಟ್ 2023ರ ಮೇನಲ್ಲಿ 49 ಯೂರೋ ಆಗಿ ವಾಪಸ್ ಬಂತು. 2025ಕ್ಕೆ 58, 2026ರ ಜನವರಿಯಿಂದ 63. ನನ್ನಂಥ ಸಂಬಳದಾರರಿಗೆ ಈಗಲೂ ಅಗ್ಗವೇ. ಅಜ್ಜಿ ಮಾತ್ರ ಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಈ ಒಂದು ಟಿಕೆಟ್ಟಿನ ಬೆಲೆ ಏರಿಸಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನನಗೆ ಇಲ್ಲಿ ಮತದ ಹಕ್ಕಿಲ್ಲ, ಇನ್ನೂ ಭಾರತದ ಪಾಸ್‌ಪೋರ್ಟೇ. ಆದರೆ ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ಸಾಲುಸಾಲಾಗಿ ಬರೆದಿರುತ್ತದೆ: ಆದಾಯ ತೆರಿಗೆ ಇಷ್ಟು, ಪಿಂಚಣಿಗೆ ಇಷ್ಟು, ಆರೋಗ್ಯ ವಿಮೆಗೆ ಇಷ್ಟು, ನಿರುದ್ಯೋಗ ವಿಮೆಗೆ ಇಷ್ಟು. ಪಿಂಚಣಿಯ ಶೇ 18.6ರಲ್ಲಿ ಅರ್ಧ ನನ್ನದು, ಅರ್ಧ ಕಂಪನಿಯದು. ಆ ಹಣ ಕೂಡಿಟ್ಟಿರುವುದಿಲ್ಲ. ಈ ತಿಂಗಳು ನಾನು ಕಟ್ಟಿದ್ದು ಈ ತಿಂಗಳೇ ಅಜ್ಜಿಯಂಥವರ ಕೈಸೇರುತ್ತದೆ. ಇದು ಗೊತ್ತಾದ ಮೇಲೆ ಅಭಿಪ್ರಾಯ ಹೇಳಲು ನನಗೆ ಹಿಂಜರಿಕೆ ಉಳಿದಿಲ್ಲ.

ಹೋದ ತಿಂಗಳು ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಶೌಚಾಲಯದ ಕೆಲಸ ಪಟ್ಟಿಯಲ್ಲಿದೆ, ದಿನಾಂಕ ಹೇಳಲಾಗದು ಅಂದರು. ಬಂದು ಅಜ್ಜಿಗೆ ಹೇಳಿದೆ. ಆಗ ಅವರು, ನಾನು ಓದಿದ್ದೂ ಅದೇ ಶಾಲೆ ಅಂದರು. ಇಷ್ಟು ವರ್ಷದಲ್ಲಿ ಹೇಳಿರಲೇ ಇಲ್ಲ. ಬಾಂಬಿಗೆ ಬಿದ್ದ ಹಳೆಯ ಕಟ್ಟಡದ ಜಾಗದಲ್ಲಿ ಐವತ್ತರ ದಶಕದಲ್ಲಿ ಕಟ್ಟಿದ್ದು. ಹೊಸ ಇಟ್ಟಿಗೆಯ ವಾಸನೆ ಇನ್ನೂ ನೆನಪಿದೆಯಂತೆ.

ಜರ್ಮನಿ ಆಗ ಸಾಲದಲ್ಲಿ ಮುಳುಗಿತ್ತು. 1953ರಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಗಿ ಅದರ ಹೊರಗಿನ ಸಾಲದಲ್ಲಿ ಸುಮಾರು ಅರ್ಧ ಮನ್ನಾ ಆಯಿತು. ಇದನ್ನು ಹೇಳಿ, ಅಷ್ಟು ಬಡತನದಲ್ಲಿ ಶಾಲೆ ಕಟ್ಟಲು ಹಣ ಎಲ್ಲಿಂದ ಬಂತು ಅಂತ ಕೇಳಿದೆ. ಅಜ್ಜಿ ಬಹಳ ಹೊತ್ತು ಮೆಟ್ಟಿಲನ್ನೇ ನೋಡಿದರು. "ಗೊತ್ತಿಲ್ಲ. ಮಕ್ಕಳಿದ್ದೆವಲ್ಲ, ಕಟ್ಟಿದರು" ಅಂದರು.

ಮುಂದಿನ ಸಭೆ ಯಾವಾಗ ಅಂತ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ನನ್ನ ಜೊತೆ ಬರುತ್ತಾರಂತೆ.