ತಡಸಲು ಬಿಲ್ಲು, ಮೂರನೇ ವಾರ

ಕೊಡಲಿ ಕಾವಿಗೆಂದು ಅಟ್ಟದ ಮೇಲೆ ಒಣಗಿಸಿಟ್ಟಿದ್ದ ತಡಸಲು ಮರದ ಸೀಳು ಈಗ ನೋಡಲು ಬಿಲ್ಲಿನ ಹಾಗೇ ಇದೆ. ಬಾಗುವುದು ಮಾತ್ರ ಇನ್ನೂ ಬಿಲ್ಲಿನ ಹಾಗಿಲ್ಲ. ಉದ್ದ 72 ಇಂಚು, ಹಿಡಿಯ ಹತ್ತಿರ ಅಗಲ ಒಂದೂಕಾಲು ಇಂಚು. ಸಂಸ್ಕೃತದಲ್ಲಿ ಈ ಮರಕ್ಕೆ ಧನುರ್ವೃಕ್ಷ ಅನ್ನುತ್ತಾರೆ. ನಮ್ಮಲ್ಲಿ ಕಾವು ಮಾಡಿಯೇ ಮುಗಿಸುತ್ತಾರೆ.

ಬೆನ್ನಿನ, ಅಂದರೆ ಎಳೆಯುವವನಿಗೆ ಆಚೆ ಇರುವ ಮೈಯ ಕೆಲಸ ಹೋದ ವಾರವೇ ಆಗಿತ್ತು. ತೊಗಟೆ ಸುಲಿದಿದ್ದಷ್ಟೇ, ಕೆಳಗಿನ ಮರಕ್ಕೆ ಉಳಿ ತಾಗಿಸಿಲ್ಲ. ಎಳೆದಾಗ ಹಿಗ್ಗುವುದು ಬೆನ್ನು. ಅಲ್ಲಿ ನಾರು ತುಂಡಾದರೆ ಸೀಳು ಅಲ್ಲಿಂದಲೇ ಏಳುತ್ತದೆ. ತೆಳುವಾಗಿಸುವುದೆಲ್ಲ ಹೊಟ್ಟೆಯ ಕಡೆಯಿಂದ, ಅಂದರೆ ಎಳೆಯುವವನತ್ತ ಇರುವ ಮೈಯಿಂದ.

ಭಾನುವಾರ ಗೋಡೆಯ ಗೂಟದ ಮೇಲೆ ಹಿಡಿ ಕೂರಿಸಿ, ಉದ್ದ ಹೆದೆ ಕಟ್ಟಿ, ಕೆಳಗಿನ ರಾಟೆಯಿಂದ ಎಳೆದೆ. ನಡುವೆ ಲಗೇಜ್ ತೂಗುವ ತಕ್ಕಡಿ. ಫೋಟೋ ನೋಡಿದರೆ ಹಿಡಿಯಿಂದ ಕೆಳಗಿನ ಅರ್ಧ, ಅಂದರೆ ಕೆಳಗಿನ ತೋಳು, ಸೆಟೆದು ನಿಂತಿದೆ, ಮೇಲಿನದು ಗಂಟಿನ ಪಕ್ಕ ಮೊಣಕೈ ಹಾಗೆ ಮಡಚಿದೆ. ತಪ್ಪು ನಂದೇ. ಗಂಟಿನ ಸುತ್ತ ನಾರು ತಿರುಚಿತ್ತು, ಕೀಸುಳಿ ಅಲ್ಲಿ ಕಿತ್ತುಕೊಂಡು ಹೋಗಿತ್ತು. ನುಣುಪು ಮಾಡೋಣ ಅಂತ ಸುಮ್ನೆ ಅದೇ ಜಾಗದಲ್ಲಿ ಅರ ಉಜ್ಜುತ್ತಾ ಕೂತಿದ್ದೆ. ಕ್ಯಾಲಿಪರ್ ಇಟ್ಟರೆ ಅಕ್ಕಪಕ್ಕಕ್ಕಿಂತ ಒಂದೂವರೆ ಮಿಲಿಮೀಟರ್ ಕಮ್ಮಿ. ಅಷ್ಟೇನಾ ಅನ್ನಬೇಡಿ. ದಪ್ಪದಲ್ಲಿ ಹತ್ತನೇ ಒಂದು ಪಾಲು ಹೋದರೆ ಮರದ ಬಿಗಿ ಕಾಲು ಪಾಲಿಗಿಂತ ಜಾಸ್ತಿ ಇಳಿಯುತ್ತದೆ.

ತೆಗೆದ ಮರ ಮತ್ತೆ ಅಂಟಲ್ಲ ಅಲ್ವಾ. ಗಂಟಿನ ಪಕ್ಕದ ಆ ನಾಲ್ಕು ಇಂಚು ಬಿಟ್ಟು ಉಳಿದ ಕಡೆಯೆಲ್ಲ ಇಳಿಸಬೇಕು, ಅಷ್ಟೇ. ಪೆನ್ಸಿಲಲ್ಲಿ ಅಲ್ಲಿ ದೊಡ್ಡ ಕಾಟು ಹಾಕಿದೆ. ಅರ ಪಕ್ಕಕ್ಕಿಟ್ಟು ಒಡೆದ ಗಾಜಿನ ಚೂರು ಹಿಡಿದೆ. ಎಂಟು-ಹತ್ತು ಸಲ ಕೆರೆಯುವುದು, ಮೂವತ್ತು ಸಲ ಮೆಲ್ಲಗೆ ಎಳೆದು ಬಿಡುವುದು, ಮತ್ತೆ ಫೋಟೋ. ಕೆರೆದದ್ದು ತಕ್ಷಣ ಕಾಣಿಸಲ್ಲ, ಹಾಗೆ ಎಳೆದು ಬಿಟ್ಟ ಮೇಲೇ ಮರ ನಿಜ ಹೇಳುತ್ತದೆ. ಕೆರೆದಾಗ ಏಳುವ ಪುಡಿ ಹಿಟ್ಟಿನಷ್ಟು ಸಣ್ಣ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಎರಡು ದಿನ ಸೀನಿದೆ.

ಶುಕ್ರವಾರ ರಾತ್ರಿ ಗಿಡ್ಡ ಹೆದೆ ಏರಿತು. ಹಿಡಿಯಿಂದ ಹೆದೆಗೆ 6 ಇಂಚು, ಹೆಬ್ಬೆರಳು ಎತ್ತಿದ ಮುಷ್ಟಿಯಷ್ಟು. 24 ಇಂಚು ಎಳೆದರೆ ತಕ್ಕಡಿಯಲ್ಲಿ 30 ಪೌಂಡ್. ನನಗೆ 28 ಇಂಚಿಗೆ 45 ಬೇಕಿತ್ತು. ಈಗ 38 ಸಿಕ್ಕರೂ ಸಾಕು.

ಉಳಿದ ನಾಲ್ಕು ಇಂಚಿನ ಎಳೆತ ಮುಂದಿನ ಭಾನುವಾರ. ಹೆದೆ ಇಳಿಸಿದ ಮೇಲೂ ಮೇಲಿನ ತೋಳು ಗಂಟಿನ ಹತ್ತಿರ ಕೊಂಚ ಬಾಗಿಯೇ ಉಳಿದಿದೆ. ಮಳೆ ಬೇರೆ ಹಿಡಿದಿದೆ, ತೇವ ಕುಡಿದರೆ ಇನ್ನೂ ಬಾಗುತ್ತದೆ. ಬಿಲ್ಲು ಸದ್ಯಕ್ಕೆ ಮತ್ತೆ ಒಲೆಯ ಮೇಲಿನ ಅಟ್ಟಕ್ಕೆ.